ತ್ರೀಫೇಸ್ ಬರುವತನಕ

ಜಗಲಿಯಲ್ಲಿ ಗೋಡೆಗೊರಗಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ. ಎದುರಿಗೆ ಅವ್ವ ಇನ್ನೊಂದು ಮೊರ ಇಟ್ಟುಕೊಂಡು ಕೂತಿದ್ದಳು. ಒಳಗೆ ಸಿಂಧಕ್ಕನ ಲ್ಯಾಪ್‌ಟಾಪಿನ ಫ್ಯಾನು ಗುಂಯ್‌ಗುಡುತ್ತಿತ್ತು. ನನ್ನ ಮೊರದ ಮೂಲೆಯಲ್ಲಿ, ಅಕ್ಕಿಯ ಕೆಳಗೆ, ದೊಡ್ಡಪ್ಪನ ಪಂಪ್‌ಸೆಟ್ಟಿನ ಫ್ಯೂಸ್ ಇತ್ತು.

ಅಕ್ಕ ಮೈಸೂರಿನಲ್ಲಿ ಭೌತಶಾಸ್ತ್ರದ ಸಂಶೋಧನೆ ಮಾಡುತ್ತಾಳೆ. ಸೀಸದ ಎರಡು ಪರಮಾಣುಬೀಜಗಳು ಹೆಚ್ಚುಕಮ್ಮಿ ಬೆಳಕಿನ ವೇಗದಲ್ಲಿ ಬಂದು ಗುದ್ದಿದರೆ ಅರೆಗಳಿಗೆಯೂ ಅಲ್ಲದ ಹೊತ್ತು ಕರಗಿ ನೀರಿನ ಹಾಗೆ ಹರಿಯುತ್ತವಂತೆ. ಆ ಹರಿವು ಎಷ್ಟು ತೆಳು, ಎಷ್ಟು ಮಂದ ಎಂದು ತಿಳಿಯಲು ಅದೇ ಗುದ್ದಾಟವನ್ನು ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ನಡೆಸಿ ನೋಡುವುದು ಅವಳ ಕೆಲಸ. ಇವತ್ತು ಸಂಜೆಗೆ ಉತ್ತರ ಕಳಿಸಿದರೆ ದೊಡ್ಡ ಸಮ್ಮೇಳನದಲ್ಲಿ ನಿಂತು ಮಾತಾಡುತ್ತಾಳೆ. ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ.

ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದೆ. ಕರೆಂಟು ಕುಸಿದರೆ ಲೆಕ್ಕ ಮೊದಲಿಂದ ಶುರು. ಆಗಲೇ ಎರಡು ಸಲ ಹಾಗಾಗಿತ್ತು. ಪಂಪ್‌ಸೆಟ್ಟಿಗೆ ಬೇಕಾದ ತ್ರೀಫೇಸ್ ಕರೆಂಟು ಬರುವುದು ಸಂಜೆ; ಅದರಲ್ಲಿ ಮೋಟಾರು ಓಡಿದರೆ ಮನೆಗೆ ತೊಂದರೆಯಿಲ್ಲ. ನಮ್ಮ ದೊಡ್ಡಪ್ಪ ಮಹಾದೇವಸ್ವಾಮಿ ನರಸೀಪುರದ ರಿಪೇರಿಯವನಿಂದ ಕಂಡೆನ್ಸರ್ ಹಾಕಿಸಿ, ಮಧ್ಯಾಹ್ನ ಮನೆಗೆ ಬರುವ ಸಿಂಗಲ್ ಫೇಸಿನಲ್ಲೇ ಮೋಟಾರು ಓಡಿಸುತ್ತಾರೆ. ಅದು ಎದ್ದ ಕೂಡಲೇ ಮನೆಯ ಬಲ್ಬೆಲ್ಲ ಮಂಕಾಗುತ್ತವೆ, ಲ್ಯಾಪ್‌ಟಾಪ್ ಆರಿಹೋಗುತ್ತದೆ.

ನಿನ್ನೆ ಅಕ್ಕ ಕೇಳಿಕೊಂಡಿದ್ದಳು. “ನಾಳೆ ಒಂದಿನ ಸಂಜೆಗಂಟ ತಡೀರಿ ದೊಡ್ಡಪ್ಪ.”

“ಕಂಪೂಟ್ರೊಳಗೆ ಸೀಸ ಎಲ್ಲವ್ವ ಅದೆ?”

“ಸೀಸ ಇಲ್ಲ. ಗುದ್ದಿದ್ರೆ ಹೆಂಗಾಗ್ತದೆ ಅಂತ ಲೆಕ್ಕ.”

“ಓ! ಸೀಸಾನೂ ಇಲ್ಲ, ಗುದ್ದೂ ಇಲ್ಲ. ನನ್ ಬಾಳೆ ನಿಜವಾಗ್ಲೂ ಅದೆ ಕಣವ್ವ. ನೀರ್ ಬುಡ್ಬೇಕು.”

ಬಾಳೆಯ ಪಾತಿಯಲ್ಲಿ ಹಿಂದಿನ ನೀರೇ ಇಂಗಿರಲಿಲ್ಲ. ನಾನು ನೋಡಿದ್ದೆ, ಹೇಳಲಿಲ್ಲ. ದೊಡ್ಡಪ್ಪನ ಎದುರು ನಾನು ಬಾಯಿ ಬಿಟ್ಟವಳೇ ಅಲ್ಲ. ಅಕ್ಕ ಹಾಸ್ಟೆಲ್ಲಿಗೆ ಹೋದ ವರ್ಷ, ಓದಕ್ಕೆ ಒಬ್ಬಳು ಸಾಕು, ಹಸ ಕರೆಯೋರು ಯಾರು ಎಂದು ನನ್ನ ಪುಸ್ತಕದ ಚೀಲವನ್ನು ಅವರೇ ಅಟ್ಟಕ್ಕೆ ಹಾಕಿದ್ದರು. ಆಗಲೂ ಸುಮ್ಮನಿದ್ದೆ. ಇವತ್ತು ಬೆಳಿಗ್ಗೆ ಹುಲ್ಲಿಗೆಂದು ತೋಟಕ್ಕೆ ಹೋದವಳು ಫ್ಯೂಸ್ ಕಿತ್ತುಕೊಂಡು ಬಂದೆ.

ದೊಡ್ಡಪ್ಪ ಅಂಗಳದಿಂದಲೇ ಕೂಗುತ್ತಾ ಬಂದರು. “ಫೀಸ್ ಕಿತ್ತವ್ರೆ ಕಣವ್ವ! ಆ ಪಕ್ಕದ್ ತೋಟದ ಮಂಟೇಸ್ವಾಮೀದೇ ಕೆಲ್ಸ. ಅವನ ಮನೆಗೇ ಓಗಿ ಇಡ್ಕತೀನಿ.”

“ಅವರಲ್ಲ,” ಎಂದೆ. “ನಾನು.”

ಅವರು ನಕ್ಕರು. “ಲೇ ನಾಗಿ, ನಿಂಗೂ ಬಾಯದಾ? ತತ್ತಾ ಇಲ್ಲಿ.”

“ತ್ರೀಫೇಸ್ ಬರಗಂಟ ಕೊಡಲ್ಲ.”

“ಕೊಡಲ್ವಾ? ಇಸ್ಕೂಲ್ ಬುಟ್ಟೋಳು ನಂಗೆ ಏಳಾಕ್ ಬತ್ತೀಯಾ?”

“ಬುಟ್ಟಿದ್ದಲ್ಲ ದೊಡ್ಡಪ್ಪ. ನೀವು ಬುಡ್ಸಿದ್ದು.”

ಅಕ್ಕ ಬಾಗಿಲಿಗೆ ಬಂದಳು. ಅಕ್ಕಿಯೊಳಗಿಂದ ಫ್ಯೂಸ್ ತೆಗೆದು ಅವರಿಗೆ ಕಾಣುವಂತೆಯೇ ಮಡಿಲಿಗೆ ಹಾಕಿಕೊಂಡೆ. ದೊಡ್ಡಪ್ಪ ಜಗಲಿ ಹತ್ತಿ ನನ್ನ ಕಡೆ ಬರಲು ಕಾಲೆತ್ತಿದರು.

ಅವ್ವ ತಲೆ ಎತ್ತಲಿಲ್ಲ. ತನ್ನ ಮೊರವನ್ನು ಮುಂದಕ್ಕೆ ತಳ್ಳಿದಳು, ಅಷ್ಟೇ. ಆ ಕಿರಿದಾದ ಜಗಲಿಯಲ್ಲಿ ನನ್ನ ಮುಂದೆ ಈ ಗೋಡೆಯಿಂದ ಕಂಬದವರೆಗೆ ಅಕ್ಕಿಯೇ ಆಯಿತು. ನನ್ನನ್ನು ಮುಟ್ಟಬೇಕಾದರೆ ಅದನ್ನು ದಾಟಬೇಕು. ಉಣ್ಣುವ ಅಕ್ಕಿಯನ್ನು ನಮ್ಮ ಮನೆಯಲ್ಲಿ ಯಾರೂ ದಾಟುವುದಿಲ್ಲ. ಎತ್ತಿದ ಕಾಲನ್ನು ದೊಡ್ಡಪ್ಪ ನಿಧಾನವಾಗಿ ಹಿಂದಕ್ಕಿಟ್ಟರು.

ಅಕ್ಕ ಒಳಗೆ ಹೋಗಿ ಪರದೆಯ ಮುಂದೆ ಕೂತಳು. ಅವ್ವ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು. ನಾನೂ ಮೊರಕ್ಕೆ ಬಗ್ಗಿದೆ. ಫ್ಯಾನು ಗುಂಯ್‌ಗುಡುತ್ತಲೇ ಇತ್ತು.

“ಫೀಸ್ ಕೊಡವ್ವ,” ಎಂದರು ದೊಡ್ಡಪ್ಪ ನನಗೆ, ಮೆಲ್ಲಗೆ.