ಧೂಪವಿಲ್ಲದ ಮನೆ

“ತಲಿ ಹಿಡಿ ಕುಮುದಾ, ವಾಲಾಕತ್ತೇತಿ,” ಎಂದು ಜಯಮ್ಮ ಹೇಳುವಷ್ಟರಲ್ಲಿ ಸುಗಲಮ್ಮನ ತಲೆ ಸೊಸೆಯ ಹೆಗಲಿಗೇ ಬಂದು ಒರಗಿತು.

ಲಿಂಗಾಯತರ ಮನೆಯಲ್ಲಿ ಸತ್ತವರನ್ನು ಮಲಗಿಸಿ ಇಡುವುದಿಲ್ಲ, ಪೂಜೆಗೆ ಕೂತವರ ಹಾಗೆ ಗೋಡೆಗೆ ಆನಿಸಿ ಕೂರಿಸುತ್ತಾರೆ. ಬದುಕಿರುವಾಗ ಹೂವಿನ ಹಾಗೆ ಹಗುರಾಗಿದ್ದ ಮುದುಕಿ ಈಗ ಇಬ್ಬರು ಹೆಂಗಸರಿಗೂ ಬಗ್ಗುತ್ತಿರಲಿಲ್ಲ. ಕುಮುದಾ ಎರಡೂ ಕೈಯಿಂದ ಅತ್ತೆಯ ಕೆನ್ನೆ ಹಿಡಿದು ಕೂತಳು. ಪಕ್ಕದ ಮನೆಯ ಜಯಮ್ಮ ಹಣೆಗೆ ಬಿಳಿ ಪಟ್ಟಿ ಸುತ್ತಿ ಗೋಡೆಯ ಗೂಟಕ್ಕೆ ಕಟ್ಟಿದಳು. ಮದುವೆಯಾಗಿ ಬಂದಾಗಿನಿಂದ ಕುಮುದಾ ಆ ಮುಖವನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ನೋಡಬೇಕಾಗಿತ್ತು ಎಂದು ಈಗ ಅನಿಸಿತು.

ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟದ್ದಾದ ಮೇಲೆ ಕುಮುದಾ ಒಳಗೆ ಹೋಗಿ ಸ್ಟೂಲು ಹತ್ತಿದಳು. ಅಟ್ಟದ ಮೂಲೆಯಲ್ಲಿ ಗೋಣಿಚೀಲ ಸುತ್ತಿಟ್ಟಿದ್ದ ಕಬ್ಬಿಣದ ಶೇಗಡಿಯನ್ನು ಇಳಿಸಿ, ದೂಳು ಜಾಡಿಸಿ, ಅದಕ್ಕೆ ಇದ್ದಿಲು ತುಂಬಿ ಅತ್ತೆಯ ಮುಂದೆ ತಂದಿಟ್ಟಳು. ಸೆರಗಿನ ಗಂಟಿನಲ್ಲಿ ಲೋಬಾನದ ಪೊಟ್ಟಣವಿತ್ತು. ಕಡ್ಡಿ ಗೀರಬೇಕು, ಅಷ್ಟರಲ್ಲಿ ಜಯಮ್ಮ ಅವಳ ಮಣಿಕಟ್ಟು ಹಿಡಿದಳು.

“ಬ್ಯಾಡ.”

“ಮಗಳು ನಿಮ್ಮ ಮನ್ಯಾಗ ಅದಾಳಲ್ಲ ಜಯಮ್ಮಕ್ಕ. ನಡುವಿನ ಕಿಡಕಿ ಹಾಕಿ ಬಂದೀನಿ. ಇವತ್ತೊಂದು ದಿನ ಅತ್ತಿಗೆ ಧೂಪ ಆಗಲಿ. ಭಾಳ ಸೇರ್ತಿತ್ತು ಅವರಿಗೆ.”

“ಸೇರ್ತಿತ್ತು ಅಂತ ನನಗೂ ಗೊತ್ತೈತಿ. ಆದರ ಹೋದ ಶ್ರಾವಣದಾಗ ಆಕಿ ನನ್ನ ಕೈ ಹಿಡಿದು ಆಣಿ ಮಾಡಿಸ್ಕೊಂಡಾಳ. ನಾ ಸತ್ತರ ಮನ್ಯಾಗ ಹೊಗಿ ಮಾಡಬ್ಯಾಡ್ರಿ, ಊದಿನಕಡ್ಡಿ ಸೈತ ಹಚ್ಚಬ್ಯಾಡ್ರಿ, ಕೂಸಿಗೆ ಆಗೂದಿಲ್ಲ ಅಂದ್ಲು. ನನ್ನ ಕೈಯಿಂದ ಆದದ್ದು ಸಾಕು ಅಂದ್ಲು.” ಜಯಮ್ಮ ಧ್ವನಿ ಇಳಿಸಿದಳು. “ಆಕಿ ಕೈಯಿಂದ ಏನಾಗಿತ್ತು ಕುಮುದಾ?”

ಕುಮುದಾ ಕಡ್ಡಿಯನ್ನು ಮತ್ತೆ ಪೆಟ್ಟಿಗೆಯೊಳಗೆ ಹಾಕಿದಳು.

“ನನಗೇನು ಗೊತ್ತರಿ,” ಎಂದಳು.

*

ಆ ಕೈ ಎಂಥದೆಂದು ಮಲ್ಕಾಜ್‌ಗಿರಿಯ ಆ ರೈಲ್ವೆಯವರ ಓಣಿಗೆಲ್ಲ ಗೊತ್ತಿತ್ತು. ಗಂಡ ಅಮರೇಶಪ್ಪನಿಗೆ ಇಲ್ಲಿಗೆ ವರ್ಗವಾದಾಗ ಹುಮನಾಬಾದಿನ ಕಡೆಯಿಂದ ಬಂದ ಸುಗಲಮ್ಮ, ಓಣಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಎರೆದು ಬೆಳೆಸಿದವಳು. ತೆಲುಗರ ಕೂಸು, ಮರಾಠಿಯವರ ಕೂಸು, ಕ್ರಿಶ್ಚಿಯನ್ ಗಾರ್ಡನ ಮನೆಯ ಕೂಸು, ಅವಳಿಗೆ ಎಲ್ಲವೂ ಒಂದೇ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ, ಸುಡುಸುಡು ನೀರು ಸುರಿಯುವಳು. ಕೂಸು ಕಿರುಚಿದಷ್ಟೂ ಇವಳಿಗೆ ಖುಷಿ. “ಒದರು, ಒದರು, ಟೇಸನ್ ಮಾಸ್ತರಗೆ ಕೇಳಲಿ,” ಎಂದು ನಗುವಳು.

ಎರೆದಾದ ಮೇಲೆ ಧೂಪ. ಶೇಗಡಿಯ ಕೆಂಡದ ಮೇಲೆ ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ, ಹಳೇ ಸೀರೆಯಲ್ಲಿ ಸುತ್ತಿದ ಕೂಸನ್ನು ಆ ಹೊಗೆಯ ಮೇಲೆ ಹಿಂದೆ ಮುಂದೆ ಹಿಡಿಯುವಳು. ಗಾಳಿ ಬರಬಾರದೆಂದು ಬಾಗಿಲು ಮುಚ್ಚಿರಬೇಕು. ಕೂಸು ಅಲ್ಲೇ ತೂಕಡಿಸುವುದು. ಇಷ್ಟಕ್ಕೆ ಅವಳು ತೆಗೆದುಕೊಳ್ಳುತ್ತಿದ್ದುದು ಒಂದು ತೆಂಗಿನಕಾಯಿ, ಒಂದು ಕುಪ್ಪಸದ ಕಣ.

ಹೀಗಿರುವಾಗ ಸ್ವಂತ ಮೊಮ್ಮಗಳಿಗೆ ಕಡಿಮೆ ಮಾಡುತ್ತಾಳೆಯೇ? ಗಾನವಿಗೆ ಬೆಳಿಗ್ಗೆಯೂ ಧೂಪ, ಸಂಜೆಯೂ ಧೂಪ. ಕೂಸಿನ ಎದೆಯೊಳಗೆ ಗೊರಗೊರ ಶುರುವಾದಾಗ ಸುಗಲಮ್ಮ ಲೋಬಾನವನ್ನು ಇನ್ನೊಂದು ಚಿಟಿಕೆ ಹೆಚ್ಚು ಮಾಡಿದಳು. ಕಫ ಕರಗುತ್ತದೆ ಎಂದು ಅವಳ ತಾಯಿ ಹೇಳಿದ್ದಳು, ತಾಯಿಗೆ ಅವಳ ತಾಯಿ ಹೇಳಿದ್ದಳು. ಗೊರಗೊರ ಹೆಚ್ಚಾದಷ್ಟೂ ಹೊಗೆ ಹೆಚ್ಚಾಯಿತು. ಕುಮುದಾಳೂ ಬೇಡವೆನ್ನಲಿಲ್ಲ, ಅವಳೇ ಎದ್ದು ಬಾಗಿಲು ಮುಚ್ಚುತ್ತಿದ್ದಳು.

*

ಮಗುವಿಗೆ ಎರಡು ತುಂಬುವ ಹೊತ್ತಿಗೆ ಒಂದು ಸಂಜೆ ತುಟಿ ನೀಲಿಗಟ್ಟಿತು. ಆಟೋದಲ್ಲಿ ನಾರಾಯಣಗೂಡದ ಮಕ್ಕಳ ಡಾಕ್ಟರ ಹತ್ತಿರ ಓಡಿದರು. ಮೂಗಿಗೆ ಮಾಸ್ಕು ಹಾಕಿ ಔಷಧಿ ಹಿಡಿದ ಮೇಲೆ ಕೂಸು ಉಸಿರಾಡಿತು. ಆಗ ಡಾಕ್ಟರು ತೆಲುಗಿನಲ್ಲಿ ಕೇಳಿದರು, ಇದು ಆಸ್ತಮಾ, ಮನೆತನದಲ್ಲಿ ಯಾರಿಗಾದರೂ ಇದೆಯೇ?

“ಲೇದು,” ಎಂದಳು ಕುಮುದಾ. ಇಲ್ಲವೆಂದು ಬಾಯಿ ತನ್ನಷ್ಟಕ್ಕೇ ಹೇಳಿತ್ತು.

ಯಾದಗಿರಿಯಲ್ಲಿ ಅವಳ ಅಪ್ಪ ಬೂದೆಪ್ಪ ಚಳಿಗಾಲವೆಲ್ಲ ದಿಂಬಿಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದ. ದಮ್ಮಿನ ಮನೆತನವೆಂದು ಹೆಸರಾದರೆ ಹೆಣ್ಣು ಯಾರು ಒಯ್ಯುತ್ತಾರೆ? ಹೆಣ್ಣು ನೋಡಲು ಸುಗಲಮ್ಮ ಬಂದ ದಿನ ಅವನನ್ನು ತಂಗಿಯ ಊರಿಗೆ ಸಾಗಹಾಕಿ, ವ್ಯಾಪಾರಕ್ಕೆ ಹೋಗಿದ್ದಾರೆ ಎಂದಿದ್ದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಇವರು ಹೇಳಿದ್ದು ಒಂದೇ. ಆ ಒಂದನ್ನು ಕುಮುದಾ ಗಂಡ, ಅತ್ತೆ ಇಬ್ಬರ ಎದುರಿಗೆ ಡಾಕ್ಟರ ಮೇಜಿನ ಮುಂದೆ ಹೇಗೆ ಬಿಚ್ಚಬೇಕು?

“ಮನೆಯಲ್ಲಿ ಹೊಗೆ ಆಡುತ್ತದೆಯೇ?” ಎಂದು ಡಾಕ್ಟರು ಕೇಳಿದರು. ಆಗ ಸುಗಲಮ್ಮ ಮುಂದೆ ಬಂದು, ಔಷಧಿ ತಾನೇ ಕೊಡುವವಳ ಹುರುಪಿನಲ್ಲಿ, ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆ ಎಲ್ಲ ವಿವರಿಸಿದಳು. ಡಾಕ್ಟರು ಕನ್ನಡಕ ತೆಗೆದಿಟ್ಟರು. ಈ ಎದೆಗೆ ಹೊಗೆ ಅಂದರೆ ಕಣ್ಣಿಗೆ ಖಾರದಪುಡಿ ಹಾಕಿದ ಹಾಗೆ, ಧೂಪ, ಊದಿನಕಡ್ಡಿ, ಸೊಳ್ಳೆ ಬತ್ತಿ, ಇದ್ದಿಲು ಯಾವುದೂ ಕೂಡದು ಎಂದರು.

ಮನೆ ಬಾಗಿಲಲ್ಲಿ ಆಟೋ ಇಳಿಯುವಾಗ ಸುಗಲಮ್ಮ ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದಳು. ಕುಮುದಾ ಕೊಡಲಿಲ್ಲ.

“ಮುಟ್ಟಬ್ಯಾಡ್ರಿ. ನನ್ನ ಮಗಳ ಎದಿ ನೀವ ಸುಟ್ರಿ.”

ಚಾಚಿದ ಕೈ ಹಾಗೇ ನಿಂತಿತು.

ಮರುವಾರ ಕುಮುದಾ ಒಬ್ಬಳೇ ಮಗಳನ್ನು ಕರೆದುಕೊಂಡು ಹೋದಾಗ ಡಾಕ್ಟರು ತಾವಾಗಿಯೇ ಹೇಳಿದರು: ಇಂಥ ಮಕ್ಕಳು ಹುಟ್ಟುತ್ತಲೇ ಈ ಗುಣ ತಂದಿರುವುದೇ ಹೆಚ್ಚು, ಮನೆತನದಲ್ಲಿ ಹುಡುಕಿದರೆ ಯಾರಾದರೂ ಸಿಗುತ್ತಾರೆ. ಹೊಗೆ ಅದನ್ನು ಕೆರಳಿಸುತ್ತದೆ. ಮುದುಕಿ ಅಂದು ಬಹಳ ಕುಗ್ಗಿದ್ದರು, ತಿಳಿಯದೆ ಮಾಡಿದ್ದು, ಎಲ್ಲ ತಮ್ಮಿಂದಲೇ ಆಯಿತೆಂದು ಕೊರಗಬೇಡಿ ಅಂತ ಹೇಳಮ್ಮ.

“ಹೇಳ್ತೀನಿ ಸಾರ್,” ಎಂದು ಕುಮುದಾ ಬಂದಳು. ಹೇಳಲಿಲ್ಲ. ಹೇಳಿದರೆ ಆ ‘ಯಾರಾದರೂ’ ಯಾರು ಎಂಬ ಮಾತು ಬರುತ್ತಿತ್ತು.

*

ಮಧ್ಯಾಹ್ನದ ಹೊತ್ತಿಗೆ ಓಣಿಯವರೆಲ್ಲ ಬಂದು ಹಜಾರ ತುಂಬಿತ್ತು. ಹೊಗೆಯಿಲ್ಲದ ಸಾವಿನ ಮನೆಯಲ್ಲಿ ಚೆಂಡುಹೂವಿನ ವಾಸನೆಯೊಂದೇ ಇತ್ತು. ಬಂದವರ ಕೈಯಿಂದ ಊದಿನಕಡ್ಡಿಯ ಕಟ್ಟುಗಳನ್ನು ಕುಮುದಾಳ ಗಂಡ ವೈಜನಾಥ ಹೊಸಿಲಲ್ಲೇ ಇಸಿದುಕೊಳ್ಳುತ್ತಿದ್ದ. ಅವ್ವ ಮಗನಿಗೂ ಹೇಳಿಟ್ಟಿದ್ದಳೆಂದು ಕುಮುದಾಳಿಗೆ ಆಗ ತಿಳಿಯಿತು. ತನಗೊಬ್ಬಳಿಗೆ ಹೇಳಿರಲಿಲ್ಲ.

“ನನ್ನ ಮಗಳ ಬಾಣಂತನಕ್ಕ ಎರಿಯಾಕ ಬಾ ಅಂದ್ರ ಬರಲಿಲ್ಲ ನೋಡ್ರಿ,” ಎಂದಳು ಹಿಂದಿನ ಮನೆಯ ಶೋಭಾ. “ಮೊಣಕಾಲು ಬ್ಯಾನಿ ಅಂದ್ಲು. ಮರುದಿನ ನೋಡಿದ್ರ ಎರಡು ಕೊಡ ನೀರು ಹೊತ್ಕೊಂಡು ಹೊಂಟಾಳ. ಮುದುಕಿಗೆ ಸೊಕ್ಕು ಬಂತು ಅಂದ್ಕೊಂಡಿದ್ದೆ ನಾನು.”

“ನಮ್ಮ ಮೊಮ್ಮಗಗೂ ಎರಿಲಿಲ್ಲ,” ಎಂದಳು ಜಯಮ್ಮ. “ಕೂಸಿನ ಅಂಗಾಲಿಗೆ ಬೆರಳು ಹಚ್ಚಿದ್ಲು, ಕಳಿಸಿಬಿಟ್ಲು. ಯಾಕಂತ ಕೇಳಿದ್ರ ಬಾಯಿ ಬಿಡಲಿಲ್ಲ.”

ಕುಮುದಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಆ ದಿನಗಳಲ್ಲೂ ಅವಳು ಇಲ್ಲೇ ನಿಂತು ನೋಡಿದ್ದಳು. ಬಾಗಿಲಿಗೆ ಬಂದ ಕೂಸನ್ನು ತಿರುಗಿ ಕಳಿಸಿ ಸುಗಲಮ್ಮ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡಿದ್ದು ಹೋಗಲಿ, ಆಡಬೇಕಾದದ್ದನ್ನಾದರೂ ಆಡಬಹುದಿತ್ತು. ಇವತ್ತು ಬೇಡ, ದೀಪಾವಳಿ ಆಗಲಿ. ದೀಪಾವಳಿ ಬೇಡ, ಅತ್ತೆ ಊರಿಗೆ ಹೋಗಿ ಬರಲಿ. ಅಪ್ಪ ತೀರಿಕೊಂಡಾಗ ಏನಾಗಿತ್ತೆಂದು ಅತ್ತೆ ಕೇಳಿದ್ದಕ್ಕೂ “ಹಾರ್ಟ್” ಎಂದಿದ್ದಳು.

ಆದರೆ ಮನೆಯಿಂದ ಹೊಗೆಯನ್ನು ಹೊರಗೆ ಹಾಕಿದವಳು ಸುಗಲಮ್ಮನೇ. ಸೊಳ್ಳೆ ಬತ್ತಿ ಬಿಸಾಕಿ, ಹಳೇ ಸೀರೆ ಜೋಡಿಸಿ ಸೊಳ್ಳೆಪರದೆ ಹೊಲಿದಳು. ಮೆಣಸಿನಕಾಯಿ ಹುರಿಯುವುದಿದ್ದರೆ ಸ್ಟವ್ವನ್ನು ಮಾಳಿಗೆಗೆ ಹೊತ್ತಳು. ಗುರುವಾರ ಲೋಬಾನದ ಹೊಗೆ ಹಾಕುತ್ತ ಬರುವ ಫಕೀರನನ್ನು ಓಣಿಯ ಬಾಯಲ್ಲೇ ತಡೆದು, ಜೋಳ ಕೊಟ್ಟು, “ಬಚ್ಚಿಕೊ ದಮಾ ಹೈ ಬಾಬಾ,” ಎಂದು ಕೂಸಿನ ದಮ್ಮಿನ ಕತೆ ಹೇಳಿ ಕೈಮುಗಿದು ಕಳಿಸಿದಳು. ಗಾನವಿಯ ಕೈಗೆ ಉಸಿರಿನ ಔಷಧಿಯ ಪಂಪು ಬರುವುದು ಅಪರೂಪವಾಯಿತು. ಹೋದ ವರ್ಷ ಗಾನವಿ ಶಾಲೆಯಲ್ಲಿ ಓಟಕ್ಕೆ ನಿಂತು ಎರಡನೆಯವಳಾಗಿ ಬಂದಳು. ಆ ದಿನವಾದರೂ ಹೇಳಬಹುದಿತ್ತು.

“ಮಣ್ಣಿಗೆ ಹೊತ್ತಾತು,” ಎಂದು ವೈಜನಾಥ ಒಳಗೆ ಬಂದ. ಶೇಗಡಿಯನ್ನೂ ಹೆಂಡತಿಯ ಮುಖವನ್ನೂ ನೋಡಿದ. “ಮನ್ಯಾಗ ಬ್ಯಾಡ ಅಂದಾಳಷ್ಟ ಅವ್ವ. ಅಲ್ಲಿ ಬಯಲು ಐತಿ. ಅಲ್ಲಿ ಹಾಕು.”

ಕುಮುದಾ ಶೇಗಡಿ ಎತ್ತಿಕೊಂಡಳು. ಅಲ್ಲಿಯೇ ಹೇಳಿಬಿಡುತ್ತೇನೆ, ಗುಣಿಯಲ್ಲಿ ಕೂರಿಸಿದ ಮೇಲೆ, ಮಣ್ಣು ಬೀಳುವ ಮೊದಲು, ಕಿವಿಯ ಹತ್ತಿರ ಬಗ್ಗಿ ಹೇಳುತ್ತೇನೆ ಎಂದುಕೊಂಡಳು. ಎಲ್ಲರೂ ಕೇಳಿದರೆ ಕೇಳಲಿ.

*

ಗಾನವಿ ಬರುತ್ತೇನೆಂದು ಹಟ ಹಿಡಿದಳು. ಬರಬೇಡವೆನ್ನಲು ಯಾರಿಗೂ ಮನಸ್ಸಾಗಲಿಲ್ಲ.

ರುದ್ರಭೂಮಿಯಲ್ಲಿ ಓಣಿಯ ಹುಡುಗರು ಆಗಲೇ ಬಂದು ನಿಂತಿದ್ದರು. ಹುಡುಗರೆಂದರೆ ಆರಡಿ ಎತ್ತರದ ಗಂಡಸರು. ಜಯಮ್ಮನ ಮಗ ಮನೋಜ ಮಾಧಾಪುರದ ಕಂಪನಿಯಿಂದ ಪಾಳಿ ಅರ್ಧಕ್ಕೇ ಬಿಟ್ಟು ನೇರ ಬಂದಿದ್ದ, ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ ಇನ್ನೂ ತೂಗುತ್ತಿತ್ತು. ಒಂದು ಕಾಲದಲ್ಲಿ ಅವರೆಲ್ಲ ಸುಗಲಮ್ಮನ ಕಾಲ ಮೇಲೆ ಬೋರಲು ಮಲಗಿ ಒದರಿದವರು.

ಅಯ್ಯನವರು ಮಂತ್ರ ಹೇಳುತ್ತ ಗುಣಿಯ ಗೂಡಿನಲ್ಲಿ ಸುಗಲಮ್ಮನನ್ನು ಕೂರಿಸಿದರು. ವಿಭೂತಿ, ಬಿಲ್ವಪತ್ರೆ ತುಂಬಿದರು. ಕುಮುದಾ ಅಲ್ಲೇ ಹೊತ್ತಿಸಿದ ಶೇಗಡಿಯ ಕೆಂಡಕ್ಕೆ ಲೋಬಾನ ಹಾಕಿದಳು. ಎಷ್ಟೋ ವರ್ಷದ ಮೇಲೆ ಆ ಹೊಗೆ ಎದ್ದು ನೆಟ್ಟಗೆ ಮೇಲಕ್ಕೆ ಹೋಯಿತು.

“ಹಿಡಿ ಮಣ್ಣು ತಗೊಳ್ರಿ. ಮನಿಯವರು ಮೊದಲ,” ಎಂದರು ಅಯ್ಯನವರು.

ಕುಮುದಾ ಮಣ್ಣು ಹಿಡಿದು ಗುಣಿಯ ಅಂಚಿಗೆ ಮಂಡಿಯೂರಿದಳು. “ಅತ್ತೀ,” ಎಂದಳು. ಅಷ್ಟರಲ್ಲಿ ಗಾಳಿ ತಿರುಗಿತು. ಹೊಗೆ ಬಗ್ಗಿ, ಅಜ್ಜಿಯನ್ನು ನೋಡಲು ಇಣುಕುತ್ತಿದ್ದ ಗಾನವಿಯ ಮುಖಕ್ಕೆ ಹೊಡೆಯಿತು. ಮೊದಲ ಕೆಮ್ಮಿನಲ್ಲೇ ಕುಮುದಾಳಿಗೆ ಮಗಳ ಎದೆಯೊಳಗಿನ ಆ ಸೀಟಿ ಕೇಳಿಸಿತು. ಕೈಯ ಮಣ್ಣನ್ನು ಅಲ್ಲೇ ಚೆಲ್ಲಿ, ಮಗಳನ್ನು ಎಳೆದುಕೊಂಡು ಗೇಟಿನ ಕಡೆ ಓಡಿದಳು.

ಬೇವಿನ ಮರದ ಕೆಳಗೆ ಕೂರಿಸಿ, ಸೊಂಟದ ಚೀಲದಿಂದ ಪಂಪು ತೆಗೆದು ಬಾಯಿಗಿಟ್ಟಳು. ಒಂದು ಸಲ, ಸ್ವಲ್ಪ ತಡೆದು ಮತ್ತೊಂದು ಸಲ. ಹುಡುಗಿಯ ಹೆಗಲು ನಿಧಾನಕ್ಕೆ ಇಳಿಯಿತು. ಮಾತು ಬರುವ ಹಾಗಾದಾಗ ಗಾನವಿ ಅಮ್ಮನ ಸೆರಗು ಹಿಡಿದುಕೊಂಡಳು.

“ಮಮ್ಮಿ, ಅಜ್ಜಿ ದಿನಾ ನಾ ಮಲಗೋ ಮುಂದ ಎದಿಗೆ ಕಿವಿ ಇಟ್ಟು ಕೇಳ್ತಿದ್ಲು. ಸೀಟಿ ಇರಲಿಲ್ಲಂದ್ರ, ಇವತ್ತು ಶಿವ ನನ್ನ ಮಾಫ್ ಮಾಡ್ಯಾನ ಅಂತಿದ್ಲು. ಅಜ್ಜಿ ಏನ ಮಾಡಿದ್ಲು ಮಮ್ಮಿ?”

ಕುಮುದಾ ಪಂಪಿಗೆ ಮುಚ್ಚಳ ಹಾಕಿದಳು.

“ಏನೂ ಮಾಡಿಲ್ಲವ್ವ,” ಎಂದಳು. “ಅಜ್ಜಿ ಒಬ್ಬಾಕಿನ ತಪ್ಪಲ್ಲ ಅದು. ಇಲ್ಲೇ ಕೂಡು, ಈಗ ಬಂದೆ.”

ಅವಳು ತಿರುಗಿ ಬರುವಾಗ ಗುಣಿ ಇರಲಿಲ್ಲ. ಗಂಡಸರು ಸಲಿಕೆ ಹಿಡಿದು ತುಂಬಿಬಿಟ್ಟಿದ್ದರು. ಮನೋಜನೂ ಅವನ ಜೊತೆಯವರೂ ಕೊಡದಿಂದ ನೀರು ಸುರಿದು, ದಿಬ್ಬವನ್ನು ಅಂಗೈಯಿಂದ ತಟ್ಟಿ ತಟ್ಟಿ ನುಣ್ಣಗೆ ಮಾಡುತ್ತಿದ್ದರು.

“ನೀವು ಹಾಕಿರಲಿಲ್ಲಲ್ಲ ಅಕ್ಕ,” ಎಂದು ಮನೋಜ ಸರಿದು ಜಾಗ ಬಿಟ್ಟ.

ಕುಮುದಾ ಪಕ್ಕದಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡಳು.

“ಅತ್ತೀ, ನಮ್ಮಪ್ಪಗ ದಮ್ಮಿತ್ತರಿ,” ಎಂದಳು.

ಕೊಡ ಹಿಡಿದಿದ್ದ ವೈಜನಾಥ ತಲೆಯೆತ್ತಿ ಹೆಂಡತಿಯನ್ನೇ ನೋಡಿದ. ಅವಳು ಮುಷ್ಟಿ ಬಿಟ್ಟಳು. ಎಲ್ಲರ ಮಣ್ಣೂ ಒಳಗೆ ಸುಗಲಮ್ಮನ ಮಡಿಲು ಸೇರಿತ್ತು. ಕುಮುದಾಳದೊಂದು ಹಿಡಿ ಮಾತ್ರ ಒದ್ದೆ ದಿಬ್ಬದ ಮೇಲೆ ಒಣಗಿದ್ದು ಒಣಗಿದ ಹಾಗೇ ಬಿದ್ದಿತ್ತು.