ಎಡಗಾಲಿನ ತಪ್ಪು

“ಇನ್ಮೇಲೆ ತಪ್ಪು ನನ್ನದಾದ್ರೆ ಅವತ್ತೇ ಹೇಳ್ತೀನಿ ಮಗಳೇ, ನನ್ನ ಬಾಯಿಂದಲೇ ಹೇಳ್ತೀನಿ,” ಎಂದು ರೆವಿ ಮಾತು ಕೊಟ್ಟಾಗ ಹುಯಾಗೆ ಏಳು ವರ್ಷ. ಆ ಸಲ ದ್ವೀಪದಿಂದ ಬೇಟೆಯಾಡಿ ತಂದಿದ್ದ ಟಿಟಿ ಎಂಬ ಕಡಲಹಕ್ಕಿಗಳು, ವರ್ಷವಿಡೀ ತಿನ್ನಬೇಕಾದವು, ಗ್ಯಾರೇಜಿನ ಫ್ರೀಜರಿನಲ್ಲಿ ಕೊಳೆತು ಬೀದಿಯೆಲ್ಲ ನಾರಿದ್ದವು. ಐಸ್‌ಕ್ರೀಮಿಗೆಂದು ಹೋದವಳು ಮುಚ್ಚಳ ಹಾಕದೆ ಬಂದಿದ್ದಾಳೆ ಎಂದು ರೆವಿ ಅವಳ ಮೇಲೆ ಕೂಗಾಡಿದ್ದ, ಊಟಕ್ಕೂ ಕರೆದಿರಲಿಲ್ಲ. ಮಾರನೆಯ ದಿನ ನೆಲ ತೊಳೆಯುವಾಗ ಗೊತ್ತಾಯಿತು: ಫ್ರೀಜರಿನ ಪ್ಲಗ್ಗು ಕಿತ್ತು ಅಲ್ಲಿ ಡ್ರಿಲ್ಲಿನ ಚಾರ್ಜರ್ ಸಿಕ್ಕಿಸಿದ್ದವನು ತಾನೇ. ಅವಳು ಮೂಗು ಒರೆಸಿಕೊಂಡು, “ಅಜ್ಜಿಗೂ ಹೇಳ್ಬೇಕು. ನಾನಲ್ಲ ಅಂತ,” ಎಂದಿದ್ದಳು. ಅಜ್ಜಿಗೂ ಹೇಳಿದ್ದ.

ಈಗ ಅವಳಿಗೆ ಹದಿನೇಳು. ಆಗಸ್ಟ್ ತಿಂಗಳ ಶನಿವಾರ, ಭೂಮಿಯ ಆ ದಕ್ಷಿಣದ ತುದಿಯಲ್ಲಿ ಚಳಿಗಾಲ, ಇನ್ವರ್‌ಕಾರ್ಗಿಲ್‌ನಲ್ಲಿ ಹತ್ತು ಗಂಟೆಯಾದರೂ ಹುಲ್ಲಿನ ಮೇಲಿನ ಬಿಳಿ ಹಿಮ ಕರಗಿರಲಿಲ್ಲ. ರೆವಿಯ ಕಾರು ಇಸಕೊಂಡು ಅಂಗಡಿಗೆ ಹೋಗಿದ್ದ ಪಕ್ಕದ ಮನೆಯ ಬರ್ನಿ ವಾಪಸು ಬಂದು ಗೇಟಿನ ಬಳಿ ಬ್ರೇಕ್ ಹಾಕಿದ. ಎಂಜಿನ್ ಎರಡು ಸಲ ಕೆಮ್ಮಿ, ನಡುಗಿ, ನಿಂತುಹೋಯಿತು.

“ನೋಡ್ದಾ? ಇದು ನಾಲ್ಕನೇ ಸಲ ಕಣೋ,” ಎನ್ನುತ್ತ ಮುದುಕ ಇಳಿದ. “ಸಿಗ್ನಲ್ಲಲ್ಲಿ ಒಂದು, ಅಂಗಡಿ ಮುಂದೆ ಒಂದು, ದೊಡ್ಡ ಸರ್ಕಲ್ಲಲ್ಲಿ ಒಂದು. ಹಿಂದೆ ಹಾಲಿನ ಟ್ಯಾಂಕರ್ರು. ಅವನು ಹಾರ್ನ್ ಹೊಡೆದ ಹೊಡೆತಕ್ಕೆ ನನ್ನ ಹಲ್ಲಿನ ಸೆಟ್ಟು ಕೈಗೆ ಬರ್ತಿತ್ತು.”

“ಕ್ಲಚ್ ಒತ್ತೋದು ಮರೆತಿದ್ದೀಯ ಬಿಡು. ವಯಸ್ಸಾಯ್ತು,” ಎಂದು ರೆವಿ ನಕ್ಕ.

“ಲೋ, ನಲವತ್ತು ವರ್ಷ ಕುರಿ ಲಾರಿ ಓಡ್ಸಿದ್ದೀನಿ ನಾನು. ನನ್ನ ಕಾಲಿಗೇ ಬುದ್ಧಿ ಹೇಳ್ತೀಯಾ?” ಬರ್ನಿ ಬ್ರೆಡ್ಡಿನ ಚೀಲ ಕಂಕುಳಿಗೆ ಸೇರಿಸಿಕೊಂಡ. “ಆ ಹುಡುಗಿಗೂ ಇದನ್ನೇ ಹೇಳಿದ್ದು ಅಲ್ವಾ ನೀನು?”

ರೆವಿಯ ನಗು ಅಲ್ಲಿಗೇ ನಿಂತಿತು.

ಹುಯಾಗೆ ಇದನ್ನೇ ಹೇಳಿದ್ದ, ಒಂದಲ್ಲ ನೂರು ಸಲ. ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಬಾರಿ ಫೇಲಾಗಿದ್ದಳು. ಎರಡು ಬಾರಿಯೂ ಅದೇ ಸರ್ಕಲ್ಲಿನ ಬಾಯಲ್ಲಿ ದಾರಿ ಕಾಯುತ್ತ ನಿಂತಾಗ ಎಂಜಿನ್ ಆಫ್ ಆಗಿತ್ತು. ಎರಡನೆಯ ಸಲ ಹಿಂದಿನವನು ಬಂದು ಗುದ್ದುವುದೊಂದು ಬಾಕಿ. “ಕಾರೇ ಸರಿಯಿಲ್ಲ ಅಪ್ಪ, ನಾನು ಕ್ಲಚ್ ಪೂರ್ತಿ ಒತ್ತಿರ್ತೀನಿ, ಆದ್ರೂ ಅದು ಸಾಯತ್ತೆ,” ಎಂದು ಅವಳು ಕೂಗಾಡಿದಾಗ ರೆವಿ, “ನನ್ನ ಕೈಲಿ ಯಾಕೆ ಸಾಯಲ್ಲ ಹಂಗಾದ್ರೆ? ನಿನ್ನ ಎಡಗಾಲಿಗೆ ಸ್ಥಿಮಿತ ಇಲ್ಲ. ತಪ್ಪು ಮಾಡಿ ಕಾರಿನ ಮೇಲೆ ಹಾಕ್ಬೇಡ,” ಎಂದು ಅಡುಗೆಮನೆಯಲ್ಲಿ ನಿಂತು ಬೈದಿದ್ದ. ವಿಂಟನ್ ಊರಿನ ಕಡೆಯ ಹಸು ಫಾರ್ಮಿನವಳು ಕರು ನೋಡಿಕೊಳ್ಳುವ ಕೆಲಸ ಇವಳಿಗೆಂದೇ ಇಟ್ಟುಕೊಂಡಿದ್ದಳು. ಮುಂಜಾನೆ ನಾಲ್ಕಕ್ಕೆ ಅಲ್ಲಿರಬೇಕು, ಆ ಹೊತ್ತಿಗೆ ಬಸ್ಸಿಲ್ಲ. ಹೋದ ವಾರ ಕರು ಹಾಕುವ ಕಾಲ ಶುರುವಾಗಿ ಬೇರೆ ಹುಡುಗಿಯನ್ನು ಕರೆದುಕೊಂಡಳು. ಹುಯಾ ಅಳಲಿಲ್ಲ. ಹೊಸ ಗಂಬೂಟನ್ನು ಅದರ ಡಬ್ಬಕ್ಕೇ ವಾಪಸು ಹಾಕಿ ಬೀರುವಿನ ಮೇಲಿಟ್ಟಳು.

ರೆವಿ ಬಾನೆಟ್ ಎತ್ತಿದ. ಮಗಳು ನೆಟ್‌ಬಾಲಿಗೆ ಹೋಗಿದ್ದಳು, ಬರುವುದು ಒಂದು ಗಂಟೆಗೆ. ಏರ್ ಕ್ಲೀನರಿನಿಂದ ಬರುವ ದಪ್ಪ ರಬ್ಬರ್ ಕೊಳವೆಯ ಕ್ಲಿಪ್ಪು ಸಡಿಲಿಸಿದ. ಅದಕ್ಕೆ ಕೂಡಿಕೊಂಡಿದ್ದ ಬ್ರೀದರ್ ಪೈಪು, ಎಂಜಿನ್ನಿನ ಉಸಿರು ಹೊರಗೆ ಬಿಡುವ ಹೆಬ್ಬೆರಳು ಗಾತ್ರದ ಪೈಪು, ಸುಲಭಕ್ಕೆ ಬರಲಿಲ್ಲ. ತಿರುಚಿ ಎಳೆದಾಗ ಪಚಕ್ಕೆಂದು ಬಂತು. ಒಳಗೆ ಸಂದಿಲ್ಲದಂತೆ ಕೆನೆ ಬಣ್ಣದ ಲೋಳೆ ಗಟ್ಟಿಯಾಗಿತ್ತು. ಬೆರಳು ಹಾಕಿದರೆ ಬೆರಳಿಗೇ ಅಂಟಿಕೊಂಡು ಬಂತು.

“ಅಯ್ಯಯ್ಯೋ, ಮೇಯನೇಸ್ ಅಂಗಡಿ ಇಟ್ಟಿದ್ದೀಯಲ್ಲೋ,” ಎಂದ ಬೇಲಿಗೆ ಒರಗಿದ್ದ ಬರ್ನಿ. “ಇದು ಎಣ್ಣೆಗೆ ನೀರು ಬೆರ್ತಿದ್ದು. ಎಂಜಿನ್ ಬಿಸಿ ಆಗೋಕೇ ಬಿಟ್ಟಿಲ್ಲ ನೀನು. ಎಷ್ಟು ದೂರ ಓಡ್ಸ್ತೀರ ದಿನಾ?”

ರೆವಿ ಬೆರಳಿನ ಲೋಳೆಯನ್ನು ಪ್ಯಾಂಟಿಗೆ ಒರೆಸಿಕೊಂಡ. ಎರಡು ಕಿಲೋಮೀಟರ್. ಡ್ರೈವಿಂಗ್ ಕಲಿಸುವುದಕ್ಕೆ ಅವನು ಕಂಡುಕೊಂಡ ದಾರಿ ಅದು: ದಿನಾ ಆರೂವರೆಗೆ, ಗಾಜಿನ ಮೇಲಿನ ಹಿಮ ಕೆರೆದು, ಅವಳು ಅವನನ್ನು ಮಾಂಸದ ಕಾರ್ಖಾನೆಗೆ ಬಿಡುವುದು. ಕಾರು ಅಲ್ಲೇ ನಿಲ್ಲುತ್ತಿತ್ತು. ಒಬ್ಬಳೇ ಓಡಿಸುವ ಹಾಗಿಲ್ಲವಲ್ಲ, ಅವಳು ಕತ್ತಲಲ್ಲಿ ನಡೆದೇ ಮನೆಗೆ ಬರುತ್ತಿದ್ದಳು. ಸಂಜೆ ಅವನು ಅದೇ ಎರಡು ಕಿಲೋಮೀಟರ್ ಓಡಿಸಿಕೊಂಡು ಬರುತ್ತಿದ್ದ. ದೂರ ಕರೆದುಕೊಂಡು ಹೋಗು ಎಂದು ಅವಳು ಕೇಳಿದ ಭಾನುವಾರಗಳಲ್ಲೆಲ್ಲ ಅವನಿಗೆ ಬೆನ್ನುನೋವು, ನಿದ್ದೆ, ರಗ್ಬಿ.

ಥ್ರಾಟಲ್ ಬಾಡಿ ಬಿಚ್ಚಿ ಹಳೇ ಟವಲಿನ ಮೇಲಿಟ್ಟ. ಗಾಳಿ ಒಳಗೆ ಬಿಡುವ ಹಿತ್ತಾಳೆ ಬಿಲ್ಲೆಯ ಸುತ್ತ ಕರಿ ಮಸಿ ಉಂಗುರದಂತೆ ಕಟ್ಟಿತ್ತು. ಕಾಲು ತೆಗೆದಾಗಲೂ ಎಂಜಿನ್ ಉಸಿರಾಡಲೆಂದು ಬಿಟ್ಟಿರುವ ಸಣ್ಣ ಕಿಂಡಿ ಪೂರ್ತಿ ಮುಚ್ಚಿಹೋಗಿತ್ತು. ಸ್ಪ್ರೇ ಹೊಡೆದ. ಕಪ್ಪು ನೀರು ಟವಲಿಗೆ ಇಳಿಯಿತು. ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ, ಮತ್ತೆ ಹೊಡೆದ.

“ಹಂಗಾದ್ರೆ ನಿನ್ನ ಕೈಲಿ ಯಾಕೆ ಆಫ್ ಆಗ್ತಿರ್ಲಿಲ್ಲ?” ಬರ್ನಿ ಕೇಳಿದ.

ಅದನ್ನೇ ಯೋಚಿಸುತ್ತ ರೆವಿ ತನ್ನ ಬಲಗಾಲು ನೋಡಿಕೊಂಡ. ಸಿಗ್ನಲ್ಲಿನಲ್ಲಿ ನಿಂತಾಗ ಅದು ಏನು ಮಾಡುತ್ತಿತ್ತೆಂದು ನೆನಪು ಮಾಡಿಕೊಂಡ. ಹಿಮ್ಮಡಿ ಬ್ರೇಕಿನ ಮೇಲೆ, ತುದಿಬೆರಳು ಆಕ್ಸಿಲರೇಟರಿನ ಮೇಲೆ. ಒಂದಿಷ್ಟೇ ಒತ್ತಿ ಎಂಜಿನ್ನನ್ನು ಜೀವದಲ್ಲಿ ಇಟ್ಟಿರುತ್ತಿತ್ತು. ಯಾವಾಗಿನಿಂದ ಹೀಗೆ? ಆರು ತಿಂಗಳಿಂದ? ವರ್ಷದಿಂದ? ಕಾರಿನ ಕಾಯಿಲೆ ಅವನ ಕಾಲಿಗೆ ಗೊತ್ತಿತ್ತು. ಮಗಳಿಗೆ ಮಾತ್ರ ಅವನು ಪುಸ್ತಕದಲ್ಲಿದ್ದ ಹಾಗೆ ಕಲಿಸಿದ್ದ: ನಿಂತಾಗ ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆ.

“ನಾನು ಕಾಲಿಟ್ಕೊಂಡೇ ಇರ್ತಿದ್ದೆ,” ಎಂದ ಮೆಲ್ಲಗೆ.

ಬರ್ನಿ ಬೇಲಿಯಿಂದ ಬೆನ್ನೆತ್ತಿದ. “ನೋಡು, ಇದು ಅಪ್ಪ ಮಗಳ ವಿಷಯ. ನಾನು ಬಾಯಿ ಹಾಕಲ್ಲ. ನೀನೇ ಹೇಳು,” ಎಂದು ಬ್ರೆಡ್ಡಿನ ಚೀಲ ಎತ್ತಿಕೊಂಡು ಒಳಗೆ ಹೋದ.

ಪೈಪುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಒಣಗಿಸಿ, ಒಂದೊಂದಾಗಿ ಕೂರಿಸುವ ಹೊತ್ತಿಗೆ ಹನ್ನೆರಡೂವರೆ. ಸ್ಟಾರ್ಟ್ ಮಾಡಿದಾಗ ಮೊದಲು ಬಿಳಿ ಹೊಗೆ ಭುಸ್ಸೆಂದು ಬಂತು. ಆಮೇಲೆ ಎಂಜಿನ್ ತಂತಾನೇ, ಯಾರ ಕಾಲಿನ ಹಂಗೂ ಇಲ್ಲದೆ, ಒಂದೇ ಸಮನೆ ಗುನುಗತೊಡಗಿತು. ರೆವಿ ಗಡಿಯಾರ ನೋಡಿದ. ಎರಡು ಗಂಟೆಯ ಕೆಲಸ. ಕರು ಹಾಕುವ ಕಾಲಕ್ಕೆ ಮೊದಲು ಯಾವತ್ತು ಮಾಡಿದ್ದರೂ ಆಗುತ್ತಿತ್ತು.

ಹುಯಾ ನೆಟ್‌ಬಾಲಿನ ಸ್ಕರ್ಟಿನ ಮೇಲೆ ಅವನದೇ ಜಾಕೆಟ್ಟು ಹಾಕಿಕೊಂಡು ಬಂದಳು. “ಇದೇನಪ್ಪ ಕೈ ಹಿಂಗೆ?”

“ಎಣ್ಣೆ ಗಿಣ್ಣೆ ನೋಡ್ದೆ. ಗೆದ್ರಾ?”

“ಮೂರು ಗೋಲಲ್ಲಿ ಸೋತ್ವಿ. ಹಸಿವು.”

“ಒಂದು ರೌಂಡ್ ಹೋಗ್ಬರೋಣ ಬಾ. ನೀನೇ ಓಡ್ಸು. ಬರೋವಾಗ ಚಿಪ್ಸ್ ತರೋಣ.”

ಅವಳ ಮುಖ ಗಂಟಾಯಿತು. “ಬೇಡಪ್ಪ. ನನ್ನ ಕೈಲಿ ಆಗಲ್ಲ ಅಂತ ಗೊತ್ತಾಯ್ತಲ್ಲ. ಸುಮ್ನೆ ಯಾಕೆ?”

“ಒಂದೇ ರೌಂಡು ಕಣೇ.”

ಕಾರಿನೊಳಗೆ ಹೇಳುತ್ತೇನೆ ಎಂದುಕೊಂಡ. ಮುಖ ನೋಡದೆ, ಇಬ್ಬರೂ ರಸ್ತೆ ನೋಡಿಕೊಂಡಿರುವಾಗ ಹೇಳುವುದು ಸುಲಭ. ಬೀದಿಯ ಕೊನೆ ತಲುಪುವಷ್ಟರಲ್ಲಿ ಹೇಳಬೇಕೆಂದಿದ್ದ, ಹೇಳಲಿಲ್ಲ. ಸಿಗ್ನಲ್ಲಿನಲ್ಲಿ ಅವಳು ನಿಲ್ಲಿಸಿದಳು, ಭುಜ ಬಿಗಿ ಹಿಡಿದು ಎಂಜಿನ್ ಸಾಯುವುದನ್ನೇ ಕಾದಳು. ಸಾಯಲಿಲ್ಲ. ಹಸಿರು ಬಂತು.

“ಹುಯಾ, ಒಂದು ಮಾತು—”

“ಶ್, ಸರ್ಕಲ್ ಬಂತು ಅಪ್ಪ, ಮಾತಾಡಿಸ್ಬೇಡ.”

ಮುಂದೆ ಮೂರು ಕಾರು ಹಾದುಹೋದವು. ಹುಯಾಳ ಎಡಗಾಲು ಕ್ಲಚ್ಚನ್ನು ತಳದವರೆಗೆ ಒತ್ತಿ ಹಿಡಿದಿದ್ದುದು ರೆವಿಗೆ ಕಾಣುತ್ತಿತ್ತು. ಎಂಜಿನ್ ಗುನುಗುತ್ತಲೇ ಇತ್ತು. ಸಂದು ಸಿಕ್ಕಿತು, ಅವಳು ಹೊರಟಳು, ಸುತ್ತು ಮುಗಿಸಿ ಆಚೆ ಬಂದಳು. ಬಂದವಳು ನಕ್ಕಳು. ವಾರದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

“ನೋಡ್ದಾ! ನೋಡ್ದಾ ಅಪ್ಪ! ಏನ್ ಮಾಡ್ತಿದ್ದೆ ಗೊತ್ತಾ ನಾನು? ದಿನಾ ಮಂಚದ ಪಕ್ಕ ಕೂತ್ಕೊಂಡು, ಗಂಬೂಟಿನ ಡಬ್ಬ ಇಳಿಸ್ಕೊಂಡು ಅದರ ಮೇಲೆ ಕಾಲಿಟ್ಟು, ಮೆಲ್ಲಗೆ ಬಿಡೋದು ಪ್ರಾಕ್ಟೀಸ್ ಮಾಡ್ತಿದ್ದೆ. ಇನ್ನೂರು ಸಲ. ನೀನು ಹೇಳಿದ್ದೇ ಸರಿ. ನನ್ನ ಕಾಲೇ ಸರಿಯಿರ್ಲಿಲ್ಲ.”

ರೆವಿ ಮಸಿಯಾದ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ.

“ಅವತ್ತು ಕಾರಿನ ಮೇಲೆ ತಪ್ಪು ಹಾಕಿ ನಿನ್ನ ಮೇಲೆ ಕೂಗಾಡ್ಬಿಟ್ಟೆ. ಸಾರಿ ಅಪ್ಪ.”

“ಇರ್ಲಿ ಬಿಡು.”

“ಏನೋ ಹೇಳೋಕೆ ಹೊರಟಿದ್ದೆ?”

ಎಡಗಡೆ ಹೊಲದಲ್ಲಿ ಹಿಮ ಬಿಟ್ಟ ಹುಲ್ಲು ಹಸಿರಾಗಿ ಕಾಣುತ್ತಿತ್ತು. ರೆವಿ ಅದನ್ನೇ ನೋಡಿದ.

“ಏನಿಲ್ಲ. ಮೂರನೇ ಗೇರ್ ಹಾಕು.”

ಅವಳು ಹಾಕಿದಳು, ಒಂದಿಷ್ಟೂ ಕುಲುಕದಂತೆ. ಹತ್ತು ವರ್ಷದ ಹಿಂದೆ ಕೊಟ್ಟ ಮಾತಿಗೆ ರೆವಿ ಅವತ್ತು ತಪ್ಪಿದ.