ಅಡಿಹುಲ್ಲು

ಆ ವರ್ಷ ಪುಷ್ಯದ ಚಳಿಗೆ ಮಂಕಿ ಊರಿನ ಗದ್ದೆಬಯಲಿನಲ್ಲಿ ಹಲ್ಲು ಕಟಕಟ ಎನ್ನುತ್ತಿತ್ತು. ಬೆಳಕು ಇನ್ನೂ ಪೂರ್ತಿ ಹರಿದಿರಲಿಲ್ಲ. ಈರುಳ್ಳಿ ಮಡಿಗಳಿಗೆ ನೀರು ಹೊಯ್ಯಲು ಗಣಪಿ ಕೊಡ ಹಿಡಿದು ಹೊರಟರೆ ನಾಲ್ಕು ವರ್ಷದ ಮಗಳು ನೀಲಾ ಸೆರಗು ಬಿಡಲೊಲ್ಲಳು. ಕರೆದುಕೊಂಡು ಹೋಗೋಣವೆಂದರೆ ಅಲ್ಲಿರುವುದು ಕಟ್ಟೆಯಿಲ್ಲದ ಮರಳುಬಾವಿ. ಗಣಪಿ ಅವಳನ್ನು ಎತ್ತಿಕೊಂಡು ಹೋಗಿ ಕಣದ ಹುಲ್ಲಿನಲ್ಲಿ ಗೂಡು ಮಾಡಿ ಮಲಗಿಸಿದಳು. ಚಳಿಗಾಲದಲ್ಲಿ ಅಲ್ಲಿನ ತಾಯಂದಿರೆಲ್ಲ ಮಾಡುವುದು ಅದನ್ನೇ. ಹೊಸ ಹುಲ್ಲಿನಷ್ಟು ಬೆಚ್ಚನೆಯ ಕಂಬಳಿ ಬೇರೆ ಇಲ್ಲ. ಮೇಲೊಂದು ತೆಕ್ಕೆ ಹುಲ್ಲು ಮುಚ್ಚಿ, ಮೂಗಿನ ಹತ್ತಿರ ಕಿಂಡಿ ಬಿಟ್ಟು, “ಬಿಸ್ಲು ಬಂದ್ಮೇಲೆ ಏಳು, ಆತಾ?” ಎಂದಳು. ಮಗು ಆಗಲೇ ನಿದ್ದೆಗೆ ಜಾರುತ್ತಿತ್ತು.

ಅದು ಕುತ್ರಿಯ, ಅಂದರೆ ಹುಲ್ಲಿನ ಬಣವೆಯ, ಅಡಿಹುಲ್ಲು. ನೆಲದ ಪಸೆ ಒಳ್ಳೆಯ ಹುಲ್ಲಿಗೆ ಏರದಿರಲೆಂದು ನಡುಗಂಬದ ಸುತ್ತ ಮೊದಲೇ ಹಾಸಿಡುವ ಪುಡಿಹುಲ್ಲು. ಅದರ ಮೇಲೆ ಕಟ್ಟುಗಳನ್ನೇರಿಸಿ ಕುತ್ರಿ ಒಟ್ಟುವುದು ನಾಳೆ ಎಂದು ಮಾವ ಮಾಸ್ತಿಯವರು ಹೇಳಿದ್ದರು.

ನೀರು ಹೊಯ್ದು ಗಣಪಿ ತಿರುಗಿ ಬರುವಾಗ ಹೊತ್ತು ತೆಂಗಿನ ತಲೆಗಿಂತ ಮೇಲೇರಿತ್ತು. ಕಣದಲ್ಲಿ ಮನೆಯ ಸೂರಿಗಿಂತ ಎತ್ತರದ ಕುತ್ರಿ ನಿಂತಿತ್ತು. ಮಾವ ತುದಿಯ ಹುಲ್ಲಿಗೆ ಜುಟ್ಟು ಕಟ್ಟಿ ಏಣಿಯಿಂದ ಇಳಿಯುತ್ತಿದ್ದರು. ಗಂಡ ಅಣ್ಣಪ್ಪ ಮೈಯ ಹುಲ್ಲು ಕೊಡವಿಕೊಳ್ಳುತ್ತಿದ್ದ.

“ಮೋಡ ಕಟ್ತು ನೋಡು, ಇವತ್ತೇ ಮುಗ್ಸಿಬಿಟ್ರು,” ಎಂದರು ಜಗಲಿಯಲ್ಲಿ ಅಕ್ಕಿ ಕೇರುತ್ತಿದ್ದ ಅತ್ತೆ ದುರ್ಗಮ್ಮ. “ನೀಲಾ ಎಲ್ಲೆ? ಗಂಜಿ ತಣೀತು.”

“ಇಲ್ಲಿಲ್ವ ಅತ್ತೆ?”

“ನಿನ್ ಬೆನ್ನಿಗೇ ಹೋತು ಅಂದ್ಕಂಡಿದ್ದೆ.”

ಗಣಪಿ ಕುತ್ರಿಯ ಬುಡದ ಕಡೆ ತಿರುಗಿದಳು. ಎದ್ದು ಹೋಗಿರಬಹುದು, ಕಟ್ಟು ಬೀಳುವ ಮೊದಲೇ ಎದ್ದು ಎಲ್ಲಾದರೂ ಹೋಗಿರಬಹುದು. ಆ ಒಂದು ಆಸೆ ಹಿಡಿದು ಒಳಮನೆ, ಕೊಟ್ಟಿಗೆ, ಬಚ್ಚಲು ಎಲ್ಲ ನೋಡಿದಳು.

“ಪಕ್ಕದ ನಾಗಕ್ಕನ ಮನೇಲಿ ದೋಸೆ ಹೊಯ್ತಿರ್ಬೇಕು,” ಅಣ್ಣಪ್ಪ ನಕ್ಕ. “ಮೂಗು ಎಳ್ದಲ್ಲಿ ಕಾಲು. ಥೇಟ್ ನಿನ್ ಹಂಗೇ.”

ಗಣಪಿ ನಾಗಕ್ಕನ ಮನೆಗೆ ಓಡಿದಳು. ಅಲ್ಲಿ ಇರಲಿಲ್ಲ. ಅಲ್ಲಿಂದ ಬಾವಿಗೆ ಓಡಿದಳು. ನೀರು ಅಲುಗದೆ ಮಲಗಿತ್ತು, ತಳದ ಮರಳು ಸಹ ಕಾಣುತ್ತಿತ್ತು. ಬಾವಿಯಲ್ಲಿಲ್ಲ ಎಂದು ಉಸಿರು ಬಿಡಬೇಕಾದ ಹೆಂಗಸು ಅಲ್ಲೇ ಕುಸಿದಳು. ಇನ್ನು ಉಳಿದ ಜಾಗ ಒಂದೇ.

“ಕುತ್ರಿ ಬಿಚ್ಚಿ ಮಾವ,” ಕಣಕ್ಕೆ ಬಂದು ಹೇಳಿದಳು. “ಕೂಸನ್ನ ಅಡಿಹುಲ್ಲಲ್ಲಿ ಮನಗ್ಸಿದ್ದೆ.”

ಅಣ್ಣಪ್ಪನ ಮುಖದ ನಗು ಅಳಿಸಿಹೋಯಿತು. ಮಾಸ್ತಿಯವರು ಮಾತ್ರ ಗದರಿದರು. “ಎಂತ ಹೇಳ್ತೆ ಹೆಣ್ಣೆ? ಜುಟ್ಟು ಕಟ್ಟಿದ್ದನ್ನ ಅದೇ ದಿನ ಬಿಚ್ಚಿದ್ರೆ ಕೊಟ್ಟಿಗೆ ಬರಿದಾಗ್ತದೆ, ಗೊತ್ತಿಲ್ವ? ಕೂಸು ಇದ್ರೆ ಕೂಗ್ತಿರ್ಲಿಲ್ವ? ನಮ್ಗೇನು ಕಣ್ಣಿಲ್ವ?”

ಮದುವೆಯಾಗಿ ಬಂದಂದಿನಿಂದ ಗಣಪಿ ತಲೆ ಎತ್ತಿ ಮಾವನ ಮುಖ ನೋಡಿದವಳಲ್ಲ. ಈಗ ನೋಡಿದಳು. ಆ ಗದರಿಕೆಯ ಹಿಂದೆ ಕಣ್ಣುಗಳು ಬೇರೇನೋ ಹೇಳುತ್ತಿದ್ದವು. ಹುಲ್ಲು ಕೂರಲೆಂದು ಬೆಳಗಿನಿಂದ ಕಂಬದ ಸುತ್ತ ಸುತ್ತಿ ಸುತ್ತಿ ತುಳಿದವರು ಅವರು. ಮುದುಕ ಕೊಟ್ಟಿಗೆಗೆ ಹೆದರಿದ್ದಲ್ಲ. ಬಿಚ್ಚಿದರೆ ಕಾಣುವುದಕ್ಕೆ ಹೆದರಿದ್ದರು.

ಅದು ತಿಳಿದ ಮೇಲೆ ಅವಳು ಯಾರನ್ನೂ ಕೇಳಲಿಲ್ಲ. ತಾನು ಮಲಗಿಸಿದ ಬದಿಗೆ ಮಂಡಿಯೂರಿ ಎರಡೂ ಕೈಯಿಂದ ಬುಡದ ಹುಲ್ಲು ಎಳೆಯತೊಡಗಿದಳು. ಬಿಗಿದು ಕೂತ ಹುಲ್ಲು ಬೆರಳು ಕೊಯ್ಯಿತು. ಅಣ್ಣಪ್ಪ ಓಡಿಬಂದು ಮೇಲಿನ ಭಾರಕ್ಕೆ ಬೆನ್ನು ಕೊಟ್ಟ. ಅತ್ತೆ ದೇವರ ಹೆಸರು ಹೇಳುತ್ತ ಎಳೆದದ್ದನ್ನು ಬಾಚಿ ಆಚೆ ಎಸೆದರು. ಗಣಪಿಯ ತೋಳು ಹೆಗಲತನಕ ಒಳಗೆ ಹೋಯಿತು. ಬೆರಳಿಗೆ ಏನೋ ತಾಗಿತು. ಸಣ್ಣ ಪಾದ. ತಣ್ಣಗಿತ್ತು.

ಅವಳು ಎಳೆಯಲಿಲ್ಲ. ಎಳೆಯುವ ಧೈರ್ಯವೇ ಆಗಲಿಲ್ಲ. ಪಾದವನ್ನು ಮುಷ್ಟಿಯಲ್ಲಿ ಹಿಡಿದು ಹಾಗೇ ಇದ್ದಳು. ಗಂಡ “ಎಂತ? ಎಂತ ಆತೆ?” ಎನ್ನುತ್ತಿದ್ದುದು ದೂರದಲ್ಲೆಲ್ಲೋ ಕೇಳಿತು.

ಮುಷ್ಟಿಯೊಳಗೆ ಪುಟ್ಟ ಕಾಲಿನ ಹೆಬ್ಬೆರಳು ಮಡಚಿಕೊಂಡಿತು.

ಹೊರಗೆ ಬಂದಾಗ ನೀಲಾಳ ಮುಖ ಬೆವರಿನಿಂದ ಒದ್ದೆಯಾಗಿತ್ತು, ತುಟಿ ನೀಲಿಗಟ್ಟಿತ್ತು. ಕಂಬದ ಬುಡಕ್ಕೆ ಒತ್ತಿಕೊಂಡಿದ್ದರಿಂದ ಅಲ್ಲಿ ಒಂದಿಷ್ಟು ಟೊಳ್ಳು ಉಳಿದಿತ್ತು. ಕೆಮ್ಮಿದಳು, ಉಗುಳಿದಳು, ಆಮೇಲೆ ಜೋರಾಗಿ ಅತ್ತಳು. ದುರ್ಗಮ್ಮ ಅಳುತ್ತಲೇ ಸೊಸೆಯ ಬೆನ್ನಿಗೆ ಒಂದು ಗುದ್ದಿದರು, ಮರುಕ್ಷಣ ಅದೇ ಬೆನ್ನು ತಬ್ಬಿಕೊಂಡರು.

ಮಾಸ್ತಿಯವರು ನಿಂತಲ್ಲೇ ನೆಲಕ್ಕೆ ಕೂತಿದ್ದರು. ಅಳು ಇಳಿದ ಮೇಲೆ ಮಗು ದಿನದ ಅಭ್ಯಾಸದಂತೆ ಅಜ್ಜನ ಬಳಿಗೆ ನಡೆದು ಹೋಯಿತು. ಅವರು ಕೈ ಚಾಚಲಿಲ್ಲ.

“ನಾ ಕರ್ದೆ ಅಜ್ಜ,” ಎಂದಳು ನೀಲಾ, ದೂರು ಹೇಳುವವಳಂತೆ. “ನೀ ಕೇಳ್ಲೇ ಇಲ್ಲ. ಮೇಲೆ ಕುಣೀತಾ ಇದ್ದೆ.”

ಮುದುಕ ತಮ್ಮ ಪಾದಗಳನ್ನು ಪಂಚೆಯೊಳಗೆ ಎಳೆದುಕೊಂಡರು.